ಮಜ್ಜಿಗೆಗೆ ಬಂದವರು

ಬೆಳಗಿನ ಜಾವ ನಾಲ್ಕಕ್ಕೆ ಮೊದಲ ಟ್ಯಾಂಕರು
ಟಾರಾನೂಕಿನ ಗೇಟಿಗೆ ಮೂತಿ ತಾಗಿಸುತ್ತದೆ.
ಮುಚ್ಚಳ ತೆಗೆದು, ಉದ್ದ ಹಿಡಿಯ ಸೌಟು ಇಳಿಬಿಟ್ಟು
ಒಂದು ಲೋಟ ಹಾಲು ಎತ್ತುವವಳು ನಾನು:
ಕೊಬ್ಬು ನಾಲ್ಕು ಪಾಯಿಂಟ್ ಎರಡು,
ನೀರು ಬೆರೆತಿಲ್ಲ, ಔಷಧದ ಸುಳಿವಿಲ್ಲ,
ಸಹಿ.

ಹೋದ ವರ್ಷದವರೆಗೆ ನನ್ನ ಕೋಟಿನ ಜೇಬಿನ ಮೇಲೆ
ಟಾರಾನೂಕ್ ಹಾಲು ಉತ್ಪಾದಕರ ಸಂಘ ಎಂದಿತ್ತು.
ಈಗ ಅದರ ಮೇಲೊಂದು ಹಸಿರು ಪಟ್ಟಿ ಹೊಲಿದಿದ್ದಾರೆ.
ಒಗೆದಾಗೆಲ್ಲ ಅಂಚು ಸುರುಳಿ ಸುತ್ತಿ
ಹಳೆಯ ‘ಟಾ’ ಇಣುಕುತ್ತದೆ.

ಕೊಂಡವರು ದೂರದವರೇನಲ್ಲ, ನ್ಯೂಜಿಲೆಂಡಿನವರು.
ಮೂರೂವರೆ ಗಂಟೆ ವಿಮಾನ,
ಕ್ರಿಕೆಟ್ಟಿನಲ್ಲಿ ಬೈದುಕೊಳ್ಳುವಷ್ಟು ಸಲಿಗೆ.
ಸಭೆಗೆ ಬಂದ ತಾಮತಿ ಹೇನಾರೆ
ಮೊದಲು ತನ್ನ ಬೆಟ್ಟದ ಹೆಸರು ಹೇಳಿದ, ತನ್ನ ನದಿಯ ಹೆಸರು,
ಆಮೇಲೆ ಷೇರಿನ ಬೆಲೆ.
ಬ್ರೂನೋ ಪೆಲ್ಲಿಚ್ಯಾರಿ ಹಿಂದಿನ ಸಾಲಿನಿಂದ ಕೂಗಿದ:
“ನದಿ ಇರಲಿ, ಲೀಟರಿಗೆಷ್ಟು?”

ಮಜ್ಜಿಗೆಗೆ ಬಂದವರಿಗೆ ಎಮ್ಮೆಯ ಬೆಲೆ ಯಾಕೆ
ಅನ್ನುತ್ತಿದ್ದಳು ನನ್ನ ಸೋದರತ್ತೆ.
ಇವರು ಎಮ್ಮೆಯ ಬೆಲೆಯನ್ನೇ ಕೇಳಿದರು.
ನಾವು ಹೇಳಿಯೂಬಿಟ್ಟೆವು:
ನೂರಾ ಹನ್ನೆರಡು ಕೈ ಮೇಲೆ, ನಲವತ್ತೊಂದು ಮಡಿಲಲ್ಲಿ.

ಹೂಂ ಅಂದವರನ್ನು ಬಯ್ಯಲಾರೆ.
ಬಾಯ್ಲರು ಕೆಮ್ಮುತ್ತಿತ್ತು, ಹಾಲಿನ ದುಡ್ಡು ಐದು ವಾರ ತಡ.
ಐಲೀನ್ ಪಾಸ್ಕೋ ಷೇರು ಮಾರಿ ಹಲ್ಲು ಕಟ್ಟಿಸಿಕೊಂಡಳು;
ಈಗ ಸೇಬನ್ನು ಕಚ್ಚಿಯೇ ತಿನ್ನುತ್ತಾಳೆ,
ಸದ್ದು ನನಗೆ ಕೇಳಲೆಂದೇ.

ಬಂತು ಹಾಲಿನಪುಡಿಯ ಗೋಪುರ, ಎಂಟು ಮಹಡಿ;
ರಾತ್ರಿಪಾಳಿಗೆ ಅರವತ್ತು ಜನ.
ಪಬ್ಬಿನ ಅಡುಗೆಮನೆ ಸೋಮವಾರವೂ ಒಲೆ ಹಚ್ಚಿತು.
ಹೋಯಿತು ಲೆಕ್ಕದ ಕೋಣೆ:
ಹದಿನಾಲ್ಕು ಮೇಜು, ಒಂದು ಜೆರೇನಿಯಂ ಕುಂಡ,
ಯಾರ ಹಸು ಯಾವಾಗ ಈದಿತೆಂದು ಬಲ್ಲ ಡೊರೀನ್.
ಈಗ ಹನ್ನೊಂದಕ್ಕೆ ಬಿಲ್ಲು ವಿಚಾರಿಸಲು ಫೋನು ಮಾಡಿದರೆ
ಆಕ್ಲೆಂಡಿನಲ್ಲಿ ಆಗಲೇ ಊಟದ ಹೊತ್ತು.

ಲಾಭ ಎಲ್ಲಿಗೆ ಹೋಗುತ್ತದೆ, ಕೇಳಿದ ಬ್ರೂನೋ,
ಟ್ಯಾಂಕರು ತಡವಾದ ಒಂದು ಬೆಳಗು.
ವಾರ್ಷಿಕ ವರದಿ ತೆರೆದು ಸ್ಟೂಲಿನ ಮೇಲೆ ಹರಡಿದೆ.
ಗೋಪುರಕ್ಕೆ ಸಾಲ ಕೊಟ್ಟದ್ದು ಆಕ್ಲೆಂಡಿನದೊಂದು ಬ್ಯಾಂಕು,
ಆ ಬ್ಯಾಂಕಿನ ಒಡೆಯರಿರುವುದು ಮೆಲ್ಬರ್ನಿನಲ್ಲಿ.
ನಮ್ಮ ಹಾಲು ಲಾಭವಾಗಿ ಸಮುದ್ರ ದಾಟಿ,
ಬಡ್ಡಿಯಾಗಿ ಮತ್ತದೇ ಸಮುದ್ರ ದಾಟಿ
ಇಲ್ಲಿಂದ ಎರಡು ಗಂಟೆ ದಾರಿಯ ಊರಿನಲ್ಲಿ ಇಳಿಯುತ್ತದೆ.
ಬ್ರೂನೋ ಬೆರಳಿಟ್ಟು ಸಾಲು ಸಾಲಾಗಿ ಹಿಂಬಾಲಿಸಿದ.
“ದೇಶಕ್ಕೇ ವಾಪಸ್ ಬಂತಲ್ಲ,” ಅಂದ,
“ನನ್ನ ಮನೆಯೊಂದು ಬಿಟ್ಟು.”

ನಾನು ಹುಟ್ಟಿದ ಬೀದಿಯಲ್ಲಿ
ನೆರೆಯವರು ಬಟ್ಟಲು ಹಿಡಿದು ಹೆಪ್ಪಿಗೆ ಬರುತ್ತಿದ್ದರು.
ಒಂದು ಚಮಚ. ಹೊತ್ತು ಮುಳುಗಿದ ಮೇಲೆ ಮಾತ್ರ ಇಲ್ಲ.
ಕೊಟ್ಟವರು ಮರುದಿನ ಬಂದು
ಕೆನೆಯಲ್ಲಿ ಪಾಲು ಕೇಳಿದ್ದು ನೋಡಿಲ್ಲ.
ಕೇಳಬಹುದಿತ್ತೋ ಏನೋ, ಯಾರೂ ಬರೆದಿಟ್ಟಿರಲಿಲ್ಲ.
ಹೆಪ್ಪು ಸಿಗದ ದಿನ ಅಮ್ಮ
ಒಣಮೆಣಸಿನಕಾಯಿಯ ತೊಟ್ಟು ಹಾಕಿ ಕಾಯುತ್ತಿದ್ದಳು.
ಈ ಸಂಘವೂ ಹಾಗೇ ಹೆತ್ತುಕೊಂಡದ್ದು:
ತಲಾ ಒಂದು ಪೌಂಡು, ಬಿಸ್ಕತ್ತಿನ ಡಬ್ಬ,
ಮೆಟ್ಟಿಲ ಬಳಿಯ ಫೋಟೋದಲ್ಲಿ ಮೂವತ್ತೊಂದು ಮೀಸೆ.
ನಿಧಾನ, ತುಸು ಹುಳಿ ಜಾಸ್ತಿ.

ಆರು ಗಂಟೆ. ಮೂರನೆಯ ಟ್ಯಾಂಕರು, ಪೂರಾ ಬ್ರೂನೋನ ಹಾಲು.
ಕೊಬ್ಬು ನಾಲ್ಕು ಪಾಯಿಂಟ್ ಏಳು, ಈ ವರ್ಷಕ್ಕೇ ಹೆಚ್ಚು.
ಮೊದಲಾದರೆ ಡೊರೀನಳ ಕಿವಿಗೆ ಹಾಕಿದರೆ ಸಾಕಿತ್ತು,
ತಿಂಡಿಯ ಹೊತ್ತಿಗೆ ಊರಿಗೆಲ್ಲ ಗೊತ್ತು.
ಈಗ ಸಂಖ್ಯೆ ಒತ್ತುತ್ತೇನೆ,
ಸಮುದ್ರದಾಚೆ ಯಾವುದೋ ಪರದೆ ಹಸಿರಾಗುತ್ತದೆ.
ಆದರೂ ಅವನಿಗೊಂದು ಫೋನು ಮಾಡಿದೆ.
ಕೊಟ್ಟಿಗೆಯಲ್ಲಿ ರಿಂಗಾಗುತ್ತಲೇ ಇದೆ.
ಕೈ ಒದ್ದೆಯಿರಬೇಕು.